ಹೊಳೆಗೆ ಬಿಟ್ಟ ಮೀನು ಬದುಕುತ್ತದೆಯೆ?

ಕಳೆದ ಆಷಾಢದಲ್ಲಿ ನಮ್ಮ ಊರಿನ ಬೆಳೆಗಾರರ ಸಭೆ ಸೇರಿತ್ತು. ಗೊಬ್ಬರದ ದಾಸ್ತಾನು, ಮೆಣಸಿನ ಬಳ್ಳಿಯ ಸೊರಗು ರೋಗ, ಕೂಲಿಯ ದರ ಇವೆಲ್ಲ ಚರ್ಚೆಯಾಗಿ, ಕಾಫಿ ಬರುವ ಹೊತ್ತಿಗೆ ಒಬ್ಬ ತರುಣ ಸದಸ್ಯರು ಎದ್ದು ನಿಂತರು. ತಾತಂದಿರ ಕಾಲದಲ್ಲಿ ಹೇಮಾವತಿಯ ಮಡುಗಳಲ್ಲಿ ಆಳುದ್ದದ ಬಿಳಿ ಮೀನು ಇದ್ದುವಂತೆ, ಈಗ ಹುಡುಕಿದರೂ ಕಾಣುವುದಿಲ್ಲ, ಎಲ್ಲರೂ ಒಂದಿಷ್ಟು ವಂತಿಗೆ ಹಾಕಿ ಎಲ್ಲಿಂದಾದರೂ ಬಿಳಿ ಮೀನಿನ ಮರಿ ತರಿಸಿ ಹೊಳೆಗೆ ಬಿಟ್ಟರೆ ಹೇಗೆ ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಒಬ್ಬರು ಜೀಪು ಕೊಡುತ್ತೇನೆಂದರು, ಇನ್ನೊಬ್ಬರು ಡ್ರಮ್ಮು ಕೊಡುತ್ತೇನೆಂದರು.

"ಬಿಟ್ಟದ್ದು ಬದುಕುತ್ತದೆಯೇನಪ್ಪ?" ಎಂದು ನಾನು ಕೇಳಿದೆ.

"ಅಣ್ಣ, ನೀರಲ್ಲಿ ಬಿಟ್ಟ ಮೀನು ಬದುಕದೆ ಮರದ ಮೇಲೆ ಬಿಟ್ಟದ್ದು ಬದುಕುತ್ತದೆಯೆ?" ಎಂದ ಅವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅನುಮಾನ ಮಾತ್ರ ಹೋಗಲಿಲ್ಲ. ಮೀನುಗಾರಿಕೆ ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಬಿಳಿ ಮೀನಿಗೆ ಯೂರೋಪಿನಲ್ಲಿ ದೂರದ ದಾಯಾದಿಯೊಂದಿದೆ. ಅದರ ಹೆಸರು ಬಾರ್ಬೆಲ್. ಲ್ಯಾಟಿನ್ ಭಾಷೆಯಲ್ಲಿ 'ಬಾರ್ಬ' ಎಂದರೆ ಗಡ್ಡ. ಬಾಯಿಯ ಸುತ್ತ ಎರಡು ಜೊತೆ ಮೀಸೆ ಇರುವುದರಿಂದ ಈ ಹೆಸರು. ಬಿಳಿ ಮೀನಿಗೂ ಎರಡು ಜೊತೆ ಮೀಸೆ ಉಂಟು. ಹಿಂದಿನ ಶಾಸ್ತ್ರಜ್ಞರು ಎರಡನ್ನೂ ಒಂದೇ ಕುಲಕ್ಕೆ ಸೇರಿಸಿ ಬರೆದಿದ್ದರು. ಎರಡೂ ಹರಿಯುವ ನೀರಿನ ಮೀನುಗಳು. ಎರಡಕ್ಕೂ ಮೊಟ್ಟೆಯಿಡಲು ಹೂಳಿಲ್ಲದ ಹರಳುಗಲ್ಲಿನ ಪಾತ್ರ ಬೇಕು. ಒಂದು ವ್ಯತ್ಯಾಸವೆಂದರೆ ಬಾರ್ಬೆಲ್ಲಿನ ಮೊಟ್ಟೆ ವಿಷ, ತಿಂದವರಿಗೆ ವಾಂತಿಭೇದಿ ಹಿಡಿಯುತ್ತದೆ. ಇಂಗ್ಲೆಂಡಿನವರು ಈ ಮೀನನ್ನು ಹಿಡಿಯುವುದು ಬಹುಮಟ್ಟಿಗೆ ಗಾಳದ ವಿನೋದಕ್ಕೆ. ಹಿಡಿದು ತೂಗಿ ಮತ್ತೆ ನೀರಿಗೇ ಬಿಡುತ್ತಾರೆ. ನಮ್ಮ ಕಡೆಯ ಜನಕ್ಕೆ ಇದು ಹುಚ್ಚಾಟವಾಗಿ ಕಂಡೀತು.

ಈ ಬಾರ್ಬೆಲ್ ಇಂಗ್ಲೆಂಡಿನ ಎಲ್ಲ ನದಿಗಳಲ್ಲಿ ಮೊದಲಿನಿಂದ ಇರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ಉತ್ತರ ಸಮುದ್ರದ ತಳ ಒಣ ನೆಲವಾಗಿದ್ದಾಗ ಇಂಗ್ಲೆಂಡಿನ ಪೂರ್ವಕ್ಕೆ ಹರಿಯುವ ನದಿಗಳು ಯೂರೋಪಿನ ರೈನ್ ನದಿಯ ಬಳಗಕ್ಕೆ ಕೂಡಿಕೊಂಡಿದ್ದುವು. ಆ ದಾರಿಯಲ್ಲಿ ಬಂದ ಮೀನು ಥೇಮ್ಸ್, ಟ್ರೆಂಟ್ ಮುಂತಾದ ಪೂರ್ವದ ನದಿಗಳಲ್ಲಿ ನೆಲೆಸಿತು. ಪಶ್ಚಿಮಕ್ಕೆ ಹೋಗಿ ಸಮುದ್ರ ಸೇರುವ ಸೆವರ್ನ್ ನದಿಗೆ ಅದು ತಲುಪಲಿಲ್ಲ. ನಮ್ಮಲ್ಲಿ ಘಟ್ಟದ ಆಚೆ ನೇತ್ರಾವತಿಯ ಮೀನೇ ಬೇರೆ, ಈಚೆ ಹೇಮಾವತಿಯ ಮೀನೇ ಬೇರೆ ಎಂಬುದಿಲ್ಲವೆ, ಹಾಗೆ.

೧೯೫೬ರಲ್ಲಿ ಥೇಮ್ಸಿನ ಉಪನದಿಯಾದ ಕೆನೆಟ್‌ನಿಂದ ೫೦೯ ಬಾರ್ಬೆಲ್ ಮೀನುಗಳನ್ನು ಹಿಡಿದು ಸೆವರ್ನ್ ನದಿಗೆ ಬಿಡಲಾಯಿತು. ಮುಂದಿನ ದಶಕಗಳಲ್ಲಿ ಅವು ಹೊಳೆಯುದ್ದಕ್ಕೂ ಹಬ್ಬಿ, ಉಪನದಿಗಳಿಗೂ ಏರಿ, ಆ ನದಿಯೇ ಬಾರ್ಬೆಲ್ಲಿಗೆ ಹೆಸರುವಾಸಿಯಾಯಿತು. ಕೇವಲ ಐನೂರು ಚಿಲ್ಲರೆ ಮೀನಿನಿಂದ ಇಷ್ಟಾಯಿತು. ಹಾಗಾದರೆ ನಮ್ಮ ತರುಣ ಮಿತ್ರರು ಹೇಳಿದ್ದೇ ಸರಿ ಎನ್ನಬೇಕು.

ಆದರೆ ಬಿಟ್ಟದ್ದು ಎಂಥ ಮೀನು ಎಂಬುದನ್ನು ಗಮನಿಸಬೇಕು. ಅವು ಹೊಳೆಯಲ್ಲೇ ಹುಟ್ಟಿ ಬೆಳೆದ ಮೀನುಗಳು. ಸೆಳೆತಕ್ಕೆ ಎದುರಾಗಿ ನಿಲ್ಲುವುದು ಗೊತ್ತು, ಕಲ್ಲಿನ ಸಂದಿಯಲ್ಲಿ ಹುಳು ಹೆಕ್ಕುವುದು ಗೊತ್ತು, ನೀರುನಾಯಿ ಬಂದರೆ ಎಲ್ಲಿ ಅಡಗಬೇಕೆಂದೂ ಗೊತ್ತು. ಸಿಮೆಂಟಿನ ತೊಟ್ಟಿಯಲ್ಲಿ ಮೊಟ್ಟೆಯೊಡೆದು, ಹೊತ್ತುಹೊತ್ತಿಗೆ ಹಿಂಡಿ-ತೌಡು ತಿಂದು ಬೆಳೆದ ಮರಿಗೆ ಇದಾವುದೂ ತಿಳಿಯದು. ನೆರಳು ಬಿದ್ದರೆ ಆಹಾರ ಬಂತೆಂದು ಅದು ಮೇಲಕ್ಕೆ ಬರುತ್ತದೆ. ಹೊಳೆಯಲ್ಲಿ ಆ ನೆರಳು ನೀರುಕಾಗೆಯದೋ ಮಿಂಚುಳ್ಳಿಯದೋ ಆಗಿರುತ್ತದೆ. ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಪ್ಪರದ ತಂಪಿನಲ್ಲಿ ಬೆಳೆದ ಕಾಫಿ ಸಸಿಯನ್ನು ಬಿಸಿಲಿಗೆ ಒಗ್ಗಿಸದೆ ಒಮ್ಮೆಲೇ ಬಯಲು ಗುಂಡಿಗೆ ನೆಟ್ಟವರ ಪಾಡನ್ನು ನಾವೆಲ್ಲ ಕಂಡಿದ್ದೇವೆ. ತೊಟ್ಟಿಯ ಮರಿಗಳನ್ನು ಹೊಳೆಗೆ ಬಿಟ್ಟಾಗ ಹೆಚ್ಚಿನ ಸಾವು ಆಗುವುದು ಮೊದಲ ಕೆಲವು ದಿನಗಳಲ್ಲಿ, ಮೊದಲ ವಾರಗಳಲ್ಲಿ. ಡ್ರಮ್ಮಿನ ನೀರಿಗೂ ಹೊಳೆಯ ನೀರಿಗೂ ಶಾಖದಲ್ಲಿ ಅಂತರವಿದ್ದರೆ ಬಿಟ್ಟ ಗಳಿಗೆಯಲ್ಲೇ ಹೊಟ್ಟೆ ಮೇಲಾಗುವುದೂ ಉಂಟು. ಸಮಾರಂಭ ಮಾಡಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಮರಿ ಬಿಟ್ಟವರು ಮಾರನೆಯ ದಿನ ಬಂದು ನೋಡುವುದಿಲ್ಲವಾದ್ದರಿಂದ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು 'ಬದುಕಿತು' ಎಂಬ ಮಾತಿಗೇ ಬೇರೆ ಬೇರೆ ಅರ್ಥವಿದೆ. ಬಿಟ್ಟ ಮರಿ ಒಂದು ಮಳೆಗಾಲ ದಾಟಿದರೆ ಬದುಕಿತು ಎನ್ನಬಹುದು. ಆದರೆ ಅದು ದೊಡ್ಡದಾಗಿ, ಜೊತೆ ಕಂಡು, ಮೊಟ್ಟೆಯಿಟ್ಟು, ಆ ಮೊಟ್ಟೆಯಿಂದ ಬಂದ ಮರಿಯೂ ಉಳಿದರೆ ಮಾತ್ರ ಹೊಳೆಯಲ್ಲಿ ಮೀನು ನೆಲೆಯಾಯಿತು ಎನ್ನಬೇಕು. ಇಂಗ್ಲೆಂಡಿನ ಕ್ಯಾಲ್ವರ್ಟನ್ ಎಂಬಲ್ಲಿ ಸರ್ಕಾರದ ಮೀನುಮರಿ ಕೇಂದ್ರವೊಂದಿದೆ. ಬಾರ್ಬೆಲ್ಲೂ ಸೇರಿದಂತೆ ನದಿಮೀನುಗಳ ಮರಿಗಳನ್ನು ಅಲ್ಲಿ ಬೆಳೆಸಿ ನದಿಗಳಿಗೆ ಬಿಡುತ್ತ ಬಂದಿದ್ದಾರೆ. ಬಿಟ್ಟ ಮೀನು ಬೆಳೆಯಬಹುದು. ಆದರೆ ಹರಳುಗಲ್ಲಿನ ಸಂದಿಗೆ ಹೂಳು ತುಂಬಿದ ಕಡೆ ಅದು ಇಟ್ಟ ಮೊಟ್ಟೆ ಉಸಿರುಕಟ್ಟಿ ಕೊಳೆಯುತ್ತದೆ. ಅಂಥ ಹೊಳೆಗೆ ಎಷ್ಟು ವರ್ಷ ಮರಿ ಬಿಟ್ಟರೂ ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇಟಲಿಯಿಂದ ಬಂದಿದೆ. ಅಲ್ಲಿನ ಪೋ ನದಿಯ ಬಯಲಿನಲ್ಲಿ ಆ ನದಿಗೇ ಸೇರಿದ ಬೇರೊಂದು ಜಾತಿಯ ಬಾರ್ಬೆಲ್ ಇತ್ತು. ಗಾಳದವರ ಸಂತೋಷಕ್ಕಾಗಿ ಉತ್ತರದಿಂದ ತಂದ ದೊಡ್ಡ ಬಾರ್ಬೆಲ್ಲನ್ನು ಆ ನದಿಗೆ ಬಿಟ್ಟರು. ಅದು ಬದುಕಿತು, ಚೆನ್ನಾಗಿಯೇ ಬದುಕಿತು. ಸ್ಥಳೀಯ ಮೀನಿನೊಡನೆ ಬೆರೆತು ಮಿಶ್ರ ಸಂತಾನ ಹುಟ್ಟಿತು. ಹಲವು ಕಡೆ ಈಗ ಶುದ್ಧವಾದ ಹಳೆಯ ತಳಿಯೇ ಸಿಗುವುದಿಲ್ಲ. ಬಿಟ್ಟ ಮೀನು ಸಾಯುವುದು ಒಂದು ನಷ್ಟವಾದರೆ, ಬದುಕುವುದು ಇನ್ನೂ ದೊಡ್ಡ ನಷ್ಟವಾಗಲು ಸಾಧ್ಯವೆಂದು ಇದನ್ನು ಓದಿದ ಮೇಲೆಯೇ ನನಗೆ ಹೊಳೆದದ್ದು. ಆಮೇಲೆ ನೋಡಿದರೆ ಇದೇ ಕಥೆ ಇಟಲಿಗಿಂತ ಹತ್ತಿರದಲ್ಲಿ, ನಮ್ಮ ಕಾವೇರಿಯಲ್ಲೇ ನಡೆದುಹೋಗಿದೆ.

ಹೇಮಾವತಿ, ಹಾರಂಗಿ, ಕಬಿನಿ, ಇವೆಲ್ಲ ಕಾವೇರಿಯ ಮಕ್ಕಳೇ. ಈ ಬಳಗದ ನೀರಿನಲ್ಲಿ ಮಾತ್ರ ಇರುವ ಒಂದು ಬಿಳಿ ಮೀನು ಇದೆ. ತಲೆಯ ಹಿಂದಿನಿಂದ ಬೆನ್ನು ಗೂನಿನಂತೆ ಏರಿರುತ್ತದೆ. ಬಾಲ ಮತ್ತು ಈಜುರೆಕ್ಕೆಗಳು ಕಿತ್ತಳೆ ಕೆಂಪು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ೧೨೦ ಪೌಂಡಿನ ಮೀನು ಹಿಡಿದರು. ಅಂದರೆ ಸುಮಾರು ೫೪ ಕಿಲೋ, ಒಂದು ಮೂಟೆ ಕಾಫಿ ಚೆರ್ರಿಯ ತೂಕ! ಬಿಳಿ ಮೀನಿನ ದಾಖಲೆ ಎಂದರೆ ಇಂದಿಗೂ ಅದನ್ನೇ ಹೇಳುತ್ತಾರೆ. ಆಮೇಲೆ ಅಣೆಕಟ್ಟುಗಳು, ತೋಟೆ ಹಾಕುವವರು, ಮರಳು ತೆಗೆಯುವವರು ಎಲ್ಲರ ಕೈವಾಡದಿಂದ ಮೀನು ಇಳಿಮುಖವಾಯಿತು. ೧೯೭೦ರ ದಶಕದ ಹೊತ್ತಿಗೆ ದೊಡ್ಡ ಬಿಳಿ ಮೀನು ಮುಗಿದೇ ಹೋಯಿತೇನೋ ಎಂಬ ಮಾತಿತ್ತು.

ಅದೇ ಕಾಲದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಒಂದು ಒಳ್ಳೆಯ ಕೆಲಸ ಆರಂಭವಾಗಿತ್ತು. ಅಲ್ಲಿನ ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳ ಪಕ್ಕದಲ್ಲಿ ಡಾ. ಸಿ.ವಿ. ಕುಲಕರ್ಣಿ ಮತ್ತು ಅವರ ಸಂಗಡಿಗರು ಬಿಳಿ ಮೀನಿನ ಇನ್ನೊಂದು ಜಾತಿಯನ್ನು ಕೃತಕವಾಗಿ ಮೊಟ್ಟೆಯಿಡಿಸಿ ಮರಿಮಾಡುವ ವಿಧಾನವನ್ನು ಸಿದ್ಧಪಡಿಸಿದರು. ಇದು ಕೃಷ್ಣಾ ನದಿಯ ಬಳಗದ ಮೀನು. ರೆಕ್ಕೆಗಳು ನೀಲಿ ಛಾಯೆಯವು. ಪುಣೆಯ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ೧೮೩೦ರ ದಶಕದಲ್ಲಿ ಖುದ್ರೀ ಎಂದು ಇದಕ್ಕೆ ಹೆಸರಿಟ್ಟಿದ್ದ. ಬಿಳಿ ಮೀನು ಮರಿಮಾಡುವುದು ಸುಲಭವಲ್ಲ. ಕಟ್ಲಾ, ರೋಹುಗಳಂತೆ ಅದು ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುವುದಿಲ್ಲ. ಅದರ ಮೊಟ್ಟೆ ಕಡಿಮೆ, ಗಾತ್ರದಲ್ಲಿ ದೊಡ್ಡದು, ನೀರಿನ ತಳಕ್ಕೆ ಇಳಿಯುತ್ತದೆ. ಒಡೆಯಲು ಮೂರು ನಾಲ್ಕು ದಿನ ಬೇಕು. ಒಡೆದ ಮೇಲೂ ಮರಿ ಬಹಳ ದಿನ ತಳದಲ್ಲೇ ಬಿದ್ದಿರುತ್ತದೆ. ಇಂಥದನ್ನು ಸಾಧಿಸಿದ್ದು ಸಾಮಾನ್ಯ ಸಂಗತಿಯಲ್ಲ. ಲೋನಾವಳದ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದುವು. ೧೯೭೦ರ ದಶಕದಿಂದ ಕಾವೇರಿಗೂ ಬಂದುವು. ಮುಂದೆ ನಮ್ಮ ರಾಜ್ಯದಲ್ಲೂ, ಕೊಡಗಿನ ಹಾರಂಗಿಯಲ್ಲಿ, ಬಿಳಿ ಮೀನಿನ ಮರಿ ಬೆಳೆಸುವ ಕೇಂದ್ರವಾಯಿತು.

ಬಿಟ್ಟವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಮೊದಲನೆಯದಾಗಿ, ಕಾವೇರಿಯ ಗೂನು ಬೆನ್ನಿನ ಮೀನು ಯಾವ ಜಾತಿ ಎಂದೇ ಶಾಸ್ತ್ರಜ್ಞರಲ್ಲಿ ಒಮ್ಮತವಿರಲಿಲ್ಲ. ಬಿಳಿ ಮೀನು ಎಂದರೆ ಬಿಳಿ ಮೀನು, ಕೃಷ್ಣೆಯದಾದರೇನು ಕಾವೇರಿಯದಾದರೇನು ಎಂಬ ಭಾವನೆ. ಅದು ಬೇರೆಯದೇ ಜಾತಿ, ಕೇರಳದ ಪಾಂಬಾರಿನಿಂದ ವರ್ಣಿಸಿ ಡಾ. ರೆಮಾದೇವಿಯವರ ಹೆಸರಿನಲ್ಲಿ 'ಟಾರ್ ರೆಮಾದೇವಿ' ಎಂದು ಕರೆದ ಜಾತಿಯೂ ಇದೂ ಒಂದೇ ಎಂದು ಇತ್ಯರ್ಥವಾದದ್ದು ೨೦೧೮ರಲ್ಲಿ. ಪಾಂಬಾರು ಸಹ ಕಾವೇರಿಗೆ ಸೇರುವ ನೀರೇ. ಮೀನಿಗೆ ಹೆಸರು ಗಟ್ಟಿಯಾಗುವ ಹೊತ್ತಿಗೆ ಮೀನೇ ಕೈಬಿಡುವ ಸ್ಥಿತಿ ಬಂದಿತ್ತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ತೀರ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಹೊಳೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿರುವುದು ಗಾಳ ಹಾಕುವವರ ದಿನಚರಿ ಪುಸ್ತಕಗಳಿಂದ. ಮೇಕೆದಾಟಿನ ಆಸುಪಾಸಿನ ಕಾಡಿನಲ್ಲಿ ಗಾಳಿಬೋರೆ ಎಂಬ ಶಿಬಿರವಿತ್ತು. ಅಲ್ಲಿ ಹಿಡಿದ ಪ್ರತಿ ಮೀನಿನ ತೂಕ ಬರೆದು ಮತ್ತೆ ನೀರಿಗೆ ಬಿಡುವ ನಿಯಮ. ೧೯೯೮ರಿಂದ ೨೦೧೨ರವರೆಗೆ ಅಲ್ಲಿ ೨೩,೬೨೦ ಗಂಟೆ ಗಾಳ ಹಾಕಿದ ಲೆಕ್ಕವಿದೆ. ಹಿಡಿದ ಮೀನು ೬,೧೬೧. ಅತಿ ದೊಡ್ಡದು ೪೬.೮ ಕಿಲೋ. ಬ್ರಿಟಿಷ್ ಮತ್ತು ಭಾರತೀಯ ವಿಜ್ಞಾನಿಗಳು ಈ ಪುಸ್ತಕಗಳನ್ನು ಕೂತು ಬಿಡಿಸಿದರು. ಮೇಲ್ನೋಟಕ್ಕೆ ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರಿದೆ. ಆದರೆ ಬಣ್ಣ ನೋಡಿ ಬೇರ್ಪಡಿಸಿದಾಗ, ಏರಿದ್ದೆಲ್ಲ ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಗೂನು ಬೆನ್ನಿನದು ಇಳಿಯುತ್ತ ಬಂದಿದೆ. ಜೊತೆಗೆ ಅದರ ಸರಾಸರಿ ತೂಕ ಮಾತ್ರ ಏರುತ್ತ ಹೋಗಿದೆ.

ತೂಕ ಏರಿದರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ನಿಮ್ಮ ಅಡಿಕೆ ತೋಟಕ್ಕೆ ಹೋಗಿ ನೋಡಿ. ಮರಗಳೆಲ್ಲ ಎತ್ತರವಾಗಿ, ಹಳೆಯದಾಗಿ ನಿಂತಿವೆ, ಸಾಲಿನ ನಡುವೆ ಒಂದೇ ಒಂದು ಸಸಿ ಇಲ್ಲ ಎಂದರೆ ನೀವು ಏನೆಂದು ಹೇಳುತ್ತೀರಿ? ಗಾಳಿಬೋರೆಯಲ್ಲಿ ಕಂಡದ್ದು ಅದೇ. ಗಾಳಕ್ಕೆ ಸಿಗುತ್ತಿದ್ದ ಗೂನು ಬೆನ್ನಿನ ಮೀನುಗಳು ಮುದಿಯವು, ಹೊಸ ಮರಿಯ ಸುಳಿವೇ ಇಲ್ಲ.

ಇದಕ್ಕೆ ನೀಲಿ ರೆಕ್ಕೆಯದೊಂದೇ ಕಾರಣ ಎಂದು ನಾನು ಹೇಳಲಾರೆ, ಬಲ್ಲವರೂ ಹೇಳುವುದಿಲ್ಲ. ಮೊಟ್ಟೆಯಿಡಲು ಮೇಲಕ್ಕೆ ಏರುವ ಮೀನಿಗೆ ಅಣೆಕಟ್ಟು ಅಡ್ಡ ನಿಂತಿದೆ. ಮರಳು ಹೋದ ಮೇಲೆ ಹೊಳೆಯ ಪಾತ್ರವೇ ಬದಲಾಗಿದೆ. ಬೇಸಗೆಯಲ್ಲಿ ನೀರೇ ಇರುವುದಿಲ್ಲ. ಆದರೆ ಇಷ್ಟೆಲ್ಲ ಕಷ್ಟದ ನಡುವೆ ಅದೇ ಆಹಾರ, ಅದೇ ಮಡು, ಅದೇ ಹರಳುಗಲ್ಲಿಗೆ ಪಾಲು ಕೇಳುವ ಚುರುಕಿನ ದಾಯಾದಿಯೊಂದನ್ನು ನಾವೇ ಕರೆತಂದು ಬಿಟ್ಟಂತಾಯಿತು. ತಮಾಷೆಯೆಂದರೆ, ಅಳಿಯುತ್ತಿದೆ ಎಂದು ಉಳಿಸಲು ಹೊರಟ ಆ ಖುದ್ರೀ ಮೀನಿಗೆ ಅದೇ ೨೦೧೮ರ ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲ ಎಂಬ ಸ್ಥಾನ ದೊರಕಿದೆ. ಗೂನು ಬೆನ್ನಿನದು ಈಗ ಕೈಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಇದೆ. ಬಂಡೀಪುರ ಮತ್ತು ಮುದುಮಲೆ ಕಾಡುಗಳ ನಡುವೆ ಕಂದರದಲ್ಲಿ ಹರಿಯುವ ಮೋಯಾರ್ ಹೊಳೆ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿಗೆ ಯಾರೂ ಮರಿ ಒಯ್ದು ಬಿಟ್ಟದ್ದರಿಂದ ಅದು ಉಳಿದದ್ದಲ್ಲ.

ಮರಿ ಬಿಡದೆಯೂ ಮೀನು ಉಳಿಯುತ್ತದೆ ಎಂಬುದಕ್ಕೆ ನಮ್ಮ ದೇವಸ್ಥಾನದ ಮಡುಗಳೇ ಸಾಕ್ಷಿ. ಕಾವೇರಿಯ ರಾಮನಾಥಪುರ, ತುಂಗೆಯ ಶೃಂಗೇರಿ, ಘಟ್ಟದ ಕೆಳಗೆ ಶಿಶಿಲ, ಎಲ್ಲ ಕಡೆಯೂ ದೇವರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ, ತೋಟೆ ಹಾಕುವುದಿಲ್ಲ. ಅಷ್ಟರಿಂದಲೇ ಅವು ತಲೆಮಾರುಗಳಿಂದ ಬಾಳಿವೆ. ಆದರೆ ನೀರು ಕೆಟ್ಟರೆ ದೇವರ ಮೀನಿಗೂ ರಕ್ಷೆಯಿಲ್ಲ. ೧೯೯೬ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದಾಗ ಸಾವಿರಾರು ಪೆರುವೊಲು ಸತ್ತು ತೇಲಿದುವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ.

ಇಲ್ಲಿಗೆ ಮಾತು ನಮ್ಮ ಮನೆ ಬಾಗಿಲಿಗೆ ಬಂತು. ಶಿಶಿಲದಲ್ಲಿ ಮಾಡಿದ್ದು ಕಿಡಿಗೇಡಿಗಳು. ನಾವು ಮಾಡುವುದು ಗೊತ್ತಿಲ್ಲದೆ, ಅಥವಾ ಗೊತ್ತಿದ್ದೂ. ಅರೇಬಿಕ ಕುಯ್ಲು ಮುಗಿದು ಪಲ್ಪರ್ ಓಡುವುದು ಯಾವಾಗ? ಮಾರ್ಗಶಿರ, ಪುಷ್ಯದಲ್ಲಿ, ರೋಬಸ್ಟ ಇನ್ನೂ ತಡ. ಹಳ್ಳದಲ್ಲಿ ನೀರು ಇಳಿದು ಕಾಲು ಮುಳುಗುವಷ್ಟಾಗಿರುವ ಕಾಲ. ಪಲ್ಪರ್ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ಎಲ್ಲ ಇರುತ್ತದೆ. ಅದು ಹಳ್ಳ ಸೇರಿ ಹುಳಿತರೆ ನೀರಿನಲ್ಲಿರುವ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ. ಈ ವಿಷಯದಲ್ಲಿ ಊರ ಚರಂಡಿ ನೀರಿಗಿಂತ ಇದು ಹತ್ತಾರು ಪಟ್ಟು ಕೇಡಿನದು. ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದನ್ನು ನಾನೇ ನೋಡಿದ್ದೇನೆ. ಅಂದು ನಮ್ಮ ತೋಟದ ಹೊಂಡದ ಕಟ್ಟೆ ಒಡೆದಿತ್ತು. ಅದು ನನ್ನದೇ ತಪ್ಪು, ಮಳೆಗಾಲದ ಮುಂಚೆ ದುರಸ್ತಿ ಮಾಡಿಸಬೇಕಾಗಿತ್ತು. ಇನ್ನು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಬಿಟ್ಟರೆ ಗತಿಯಿಲ್ಲ ಸರಿಯಷ್ಟೆ, ಆದರೆ ಉಳಿದ ದ್ರಾವಣ ಚೆಲ್ಲಿ ಡ್ರಮ್ಮು ತೊಳೆಯುವುದು ಹಳ್ಳದಲ್ಲೇ ಏಕೆ? ತಾಮ್ರದ ಅಂಶ ಅತ್ಯಲ್ಪವಿದ್ದರೂ ಮೀನುಮರಿ ತಡೆಯುವುದಿಲ್ಲ. ಮೀನಿಗೆ ಕಡುವಿಷವಾಗಿದ್ದ ಎಂಡೋಸಲ್ಫಾನ್ ೨೦೧೧ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ನಿಂತಿತು. ನಾವಾಗಿ ನಿಲ್ಲಿಸಿದವರಲ್ಲ.

ಮಾಘದಲ್ಲಿ ಆ ತರುಣ ಸದಸ್ಯರನ್ನು ಕರೆದುಕೊಂಡು ನಮ್ಮ ಹಳ್ಳ ಹೇಮಾವತಿಗೆ ಸೇರುವವರೆಗೂ ನಡೆದು ಹೋದೆ. ಎರಡು ಮೈಲಿ ದಾರಿ. ಮೂರು ಕಡೆ ನೀರು ಕಂದಾಗಿ ನೊರೆ ಕಟ್ಟಿತ್ತು, ಹುಳಿ ವಾಸನೆ ಬರುತ್ತಿತ್ತು. ಕಲ್ಲು ಎತ್ತಿ ನೋಡಿದರೆ ಕೆಳಗೆ ಕಪ್ಪು ಕೆಸರು. ಸಂಗಮದ ಹತ್ತಿರ ಒಂದು ಫರ್ಲಾಂಗಿನಷ್ಟು ಜಾಗದಲ್ಲಿ ಮಾತ್ರ ಹರಳು ಶುಭ್ರವಾಗಿತ್ತು, ಸಣ್ಣ ಮೀನು ಓಡಾಡುತ್ತಿದ್ದುವು. ಅವನು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. "ಅಣ್ಣ, ಡ್ರಮ್ಮಿನ ವಿಷಯ ಈ ವರ್ಷ ಬೇಡ" ಎಂದ.

ಮುಂದಿನ ಸಭೆಯಲ್ಲಿ ಮರಿ ತರುವ ಪ್ರಸ್ತಾವವನ್ನು ಮುಂದೂಡಲಾಯಿತು. ಸೇರಿದ್ದ ವಂತಿಗೆಯಲ್ಲಿ ಹಳ್ಳದ ದಂಡೆಯ ಮೂರು ತೋಟಗಳ ಪಲ್ಪರ್ ನೀರಿಗೆ ಹೊಂಡ ತೆಗೆಸಿ, ಸುಣ್ಣ ಹಾಕಿ, ಹುಳಿ ಇಳಿಸಿ, ನೀರನ್ನು ತೋಟಕ್ಕೇ ಹಾಯಿಸುವ ವ್ಯವಸ್ಥೆ ಮಾಡುವುದೆಂದು ಒಪ್ಪಲಾಯಿತು. ಒಬ್ಬರು ಮಾತ್ರ, ಮೀನಿಗೆ ಕೊಟ್ಟ ದುಡ್ಡು ಹೊಂಡಕ್ಕೆ ಹೋಯಿತೆಂದು ಗೊಣಗಿದರು.

ಕಡೆಯದಾಗಿ ಒಂದು ಕೋರಿಕೆ. ಹೊಳೆಯ ದಂಡೆಯ ಸದಸ್ಯರಲ್ಲಿ ಯಾರಿಗಾದರೂ ಬಿಳಿ ಮೀನು ಕಂಡರೆ, ಬಲೆಗೆ ಬಿದ್ದರೆ, ದಯವಿಟ್ಟು ಅದರ ಬಾಲ ಮತ್ತು ರೆಕ್ಕೆಯ ಬಣ್ಣ ನೋಡಿ. ಬೆನ್ನು ಗೂನಾಗಿದೆಯೆ ನೋಡಿ. ಸಾಧ್ಯವಾದರೆ ಒಂದು ಚಿತ್ರ ತೆಗೆದುಕೊಂಡು, ಒದ್ದೆ ಕೈಯಲ್ಲೇ ಹಿಡಿದು ಬೇಗ ನೀರಿಗೆ ಬಿಡಿ. ಕಂಡ ಜಾಗ, ತಿಂಗಳು, ಅಂದಾಜು ಉದ್ದ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಅದನ್ನು ಮೀನುಗಾರಿಕೆ ಇಲಾಖೆಯವರಿಗೆ ಮುಟ್ಟಿಸುತ್ತೇವೆ. ರೆಕ್ಕೆ ಕಿತ್ತಳೆ ಕೆಂಪಾಗಿದ್ದರೆ ಅಂಚೆಗೆ ಹಾಕುತ್ತ ಕೂರದೆ ಅದೇ ದಿನ ಫೋನು ಮಾಡಿ.